ಮೋಡದಲ್ಲಿ ಬಿತ್ತನೆ ಮಾಡಿದ ಕಾರ್ಖಾನೆಯ ಕೆಲಸಗಾರ

ಊರಿನಿಂದ ಬರುವ ಕಾಗದದಲ್ಲಿ ‘ಕ್ಷೇಮ’ವೆಂಬ ಮಾತಿನ ಮರುಸಾಲಿನಲ್ಲಿಯೇ ಮಳೆಯ ಸುದ್ದಿ ಇರುತ್ತಿದ್ದ ಕಾಲವೊಂದಿತ್ತು. ಈಗ ಕಾಗದದ ಸ್ಥಾನವನ್ನು ಫೋನು ಆಕ್ರಮಿಸಿದೆ. ಆದರೆ ಮುಂಬಯಿಯ ಹೋಟೆಲಿನ ಅಡಿಗೆಮನೆಯಲ್ಲಿ ದುಡಿಯುವವನೂ, ದಿಲ್ಲಿಯ ಕಚೇರಿಯಲ್ಲಿ ಕಡತ ತಿರುವುವವನೂ ಊರಿನವರನ್ನು ಮೊದಲು ಕೇಳುವ ಪ್ರಶ್ನೆ ಬದಲಾಗಿಲ್ಲ: “ಮಳೆ ಹೇಗೆ?” ಉತ್ತರ ಸಮಾಧಾನಕರವಾಗಿದ್ದರೆ ಆ ತಿಂಗಳು ಮನೆಗೆ ಕಳುಹಿಸಿದ ಹಣ ಸಾಲಕ್ಕೆ ಜಮೆಯಾಗುತ್ತದೆ, ಇಲ್ಲವಾದರೆ ದನಗಳ ಮೇವಿಗೆ ಸಂದುಹೋಗುತ್ತದೆ.

ಮಳೆ ಕೈಕೊಟ್ಟ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಒಂದು ಸುದ್ದಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಸರಕಾರವು ವಿಮಾನಗಳ ಮೂಲಕ ಮೋಡಗಳಲ್ಲಿ ಬಿತ್ತನೆ ಮಾಡಿಸಲಿದೆಯೆಂದು ಒಬ್ಬ ಮಂತ್ರಿಗಳು ಹೇಳುತ್ತಾರೆ. ಇದೆಲ್ಲ ಹಣದ ದುಂದೆಂದು ಮತ್ತೊಬ್ಬರು ಹೇಳುತ್ತಾರೆ. ಮನುಷ್ಯನು ಮಳೆಯನ್ನು ತರಿಸಬಲ್ಲನೇ? ಯಜ್ಞಕ್ಕೂ ಕಪ್ಪೆಗಳ ಮದುವೆಗೂ ಖರ್ಚು ಮಾಡಿದ ನಮ್ಮ ಜನ ವಿಮಾನಕ್ಕೆ ಖರ್ಚು ಮಾಡುವ ಮುನ್ನ ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಅಪೇಕ್ಷಿಸುವುದು ನ್ಯಾಯವೇ ಆಗಿದೆ. ಆ ಉತ್ತರ ಬಹುಮಟ್ಟಿಗೆ ಅಮೆರಿಕದ ಒಬ್ಬ ಕೆಲಸಗಾರನ ಜೀವನದಲ್ಲಿ ಅಡಗಿದೆ. ಅವರ ಹೆಸರು ವಿನ್ಸೆಂಟ್ ಶೇಫರ್. ಮೋಡವೊಂದನ್ನು ಬೇಕೆಂದಾಗ ಹಿಮವಾಗಿ ಕೆಳಗಿಳಿಸಿ ತೋರಿಸಿದ ಮೊದಲ ಮನುಷ್ಯ ಅವರೇ.

ಶೇಫರರು ೧೯೦೬ರ ಜುಲೈ ೪ರಂದು ನ್ಯೂಯಾರ್ಕ್ ಸಂಸ್ಥಾನದ ಸ್ಕೆನೆಕ್ಟಡಿ ಎಂಬ ಕಾರ್ಖಾನೆಯ ಊರಿನಲ್ಲಿ ಜನಿಸಿದರು. ಐವರು ಮಕ್ಕಳ ಕುಟುಂಬದಲ್ಲಿ ಇವರೇ ಹಿರಿಯರು. ಹಿರಿಯ ಮಗನಾಗಿ ಹುಟ್ಟುವುದರ ಅರ್ಥ ನಮ್ಮ ಬಹುಜನ ವಾಚಕರಿಗೆ ವಿವರಿಸಬೇಕಾದುದಲ್ಲ. ಮನೆಯ ವರಮಾನ ಸಾಲದೆ ೧೯೨೨ರಲ್ಲಿ ತಂದೆತಾಯಿಗಳು ಹುಡುಗನನ್ನು ಹೈಸ್ಕೂಲು ಬಿಟ್ಟು ದುಡಿಮೆಗೆ ಸೇರುವಂತೆ ಕೇಳಿಕೊಂಡರು. ಸೋದರಮಾವಂದಿರ ಸಲಹೆಯಂತೆ ಆತ ಅದೇ ಊರಿನ ಜನರಲ್ ಇಲೆಕ್ಟ್ರಿಕ್ ಕಂಪನಿಯಲ್ಲಿ ನಾಲ್ಕು ವರ್ಷದ ಯಂತ್ರಕೆಲಸದ ಉಮೇದುವಾರಿಗೆ ನಿಂತ. ಲೇತು, ಅರ, ಅಳತೆಗೋಲು, ಇವೇ ಆ ಹುಡುಗನ ವಿದ್ಯಾಪೀಠ. ಶಾಲೆಗೆ ಅವನು ಮರಳಿದ್ದೇ ಇಲ್ಲ.

ನಾಲ್ಕು ಗೋಡೆಗಳ ನಡುವೆ ಕಬ್ಬಿಣ ಕೊರೆಯುವ ಕೆಲಸ ಮನಸ್ಸಿಗೆ ಹಿಡಿಸಲಿಲ್ಲ. ಕಾಡು, ಬೆಟ್ಟ, ಹಿಮ, ಹಳೆಯ ಇಂಡಿಯನ್ನರ ನೆಲೆಗಳು, ಇವುಗಳಲ್ಲಿ ತಿರುಗುವುದೆಂದರೆ ಪಂಚಪ್ರಾಣ. ೧೯೨೭ರಲ್ಲಿ ಅಂಚೆಯ ಮೂಲಕ ವೃಕ್ಷಚಿಕಿತ್ಸೆಯ ಪಾಠ ಕಲಿತು, ಮರಗಳಿಗೆ ಮದ್ದು ಹಾಕುವ ಕೆಲಸಕ್ಕೆ ಹೊರಟರು. ಕೆಲಕಾಲ ತೋಟಗಳನ್ನು ಅಣಿಗೊಳಿಸುವ ವೃತ್ತಿಯನ್ನೂ ನಡೆಸಿದರು. ಒಂದು ಸಸ್ಯತೋಟದಲ್ಲಿ ಪಾಲುದಾರಿಕೆಯ ಅವಕಾಶವೂ ಬಂದಿತ್ತು. ಹಿತೈಷಿಗಳ ಮಾತಿಗೆ ಓಗೊಟ್ಟು ಅದನ್ನು ಬಿಟ್ಟು ೧೯೨೯ರಲ್ಲಿ ಕಂಪನಿಗೆ ಮರಳಿದರು. ಈ ಬಾರಿ ಸೇರಿದ್ದು ಅದರ ಸಂಶೋಧನಾಲಯದ ಕಮ್ಮಟಕ್ಕೆ. ವಿಜ್ಞಾನಿಗಳು ಬಯಸಿದ ಉಪಕರಣಗಳ ಮಾದರಿಗಳನ್ನು ಮಾಡಿಕೊಡುವುದು ಅವರ ಪಾಲಿನ ಕೆಲಸವಾಯಿತು.

ಆ ಸಂಶೋಧನಾಲಯದಲ್ಲಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಎಂಬ ಮಹಾ ರಸಾಯನ ಶಾಸ್ತ್ರಜ್ಞರಿದ್ದರು. ೧೯೩೨ರ ನೊಬೆಲ್ ಪಾರಿತೋಷಕ ಪಡೆದವರು. ಅವರಿಗೂ ಬೆಟ್ಟ ಹತ್ತುವ, ಹಿಮದಲ್ಲಿ ಜಾರುವ ಹುಚ್ಚು. ತಮಗೆ ಉಪಕರಣ ಮಾಡಿಕೊಡುತ್ತಿದ್ದ ಈ ತರುಣ ಹೇಳಿದ್ದನ್ನಷ್ಟೇ ಮಾಡದೆ, ಕೆಲಸದ ಉದ್ದೇಶವನ್ನು ವಿಚಾರಿಸಿ ಅದಕ್ಕಿಂತ ಉತ್ತಮವಾದುದನ್ನು ಮಾಡಿ ತರುತ್ತಾನೆಂಬುದನ್ನು ಅವರು ಗಮನಿಸಿದರು. ೧೯೩೨ರಲ್ಲಿ ತಮ್ಮ ಸಂಶೋಧನಾ ಸಹಾಯಕನಾಗುವೆಯಾ ಎಂದು ಕೇಳಿದರು. ಹೀಗೆ ಪದವಿಯಿಲ್ಲದವನಿಗೆ ಪದವಿ ಕೇಳದ ಗುರು ದೊರೆತ. ದೊಡ್ಡವರ ಕಣ್ಣು ಕೆಳಗಿನ ಮೇಜಿನವರೆಗೆ ಬರುವುದು ಎಲ್ಲ ಸಂಸ್ಥೆಗಳಲ್ಲಿಯೂ ನಡೆಯುವ ಸಂಗತಿಯಲ್ಲ, ಇಲ್ಲಿ ನಡೆಯಿತು.

ಶೇಫರರ ಕೈಚಳಕಕ್ಕೆ ಒಂದು ನಿದರ್ಶನ ಸಾಕು. ಹಿಮದ ಹಳಕು ಕ್ಷಣಮಾತ್ರದಲ್ಲಿ ಕರಗಿಹೋಗುವ ವಸ್ತು. ಅದರ ಆರು ಮೂಲೆಯ ಚಿತ್ತಾರವನ್ನು ಹಿಡಿದಿಡುವುದು ಹೇಗೆ? ೧೯೪೦ರಲ್ಲಿ ಅವರು ಒಂದು ಬಗೆಯ ಪ್ಲಾಸ್ಟಿಕ್ಕನ್ನು ಬೇಗನೆ ಆರಿಹೋಗುವ ದ್ರವದಲ್ಲಿ ಕರಗಿಸಿ, ಗಾಜಿನ ಮೇಲೆ ತೆಳ್ಳಗೆ ಬಳಿದು, ಬೀಳುವ ಹಿಮಕ್ಕೆ ಒಡ್ಡಿದರು. ದ್ರವ ಆರಿತು, ಹಳಕಿನ ನೀರೂ ಆವಿಯಾಯಿತು; ಹಳಕಿನ ಅಚ್ಚು ಮಾತ್ರ ಶಾಶ್ವತವಾಗಿ ಗಾಜಿನ ಮೇಲೆ ಉಳಿಯಿತು. ನೂರು ಹಣದ ಯಂತ್ರವಿಲ್ಲ, ಸೂತ್ರ ಸಮೀಕರಣಗಳಿಲ್ಲ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಗುರುಶಿಷ್ಯರು ಸೈನ್ಯಕ್ಕಾಗಿ ವಿಷಾನಿಲದ ಮುಖವಾಡಗಳನ್ನೂ, ನಗರಗಳನ್ನು ಮರೆಮಾಡುವ ಕೃತಕ ಮಂಜಿನ ಯಂತ್ರವನ್ನೂ ಪರಿಶೀಲಿಸಿದರು. ಅನಂತರ ವಿಮಾನಗಳ ರೆಕ್ಕೆಗೆ ಮಂಜುಗಡ್ಡೆ ಹತ್ತುವುದೇಕೆಂಬ ಪ್ರಶ್ನೆ ಅವರನ್ನು ನ್ಯೂ ಹ್ಯಾಂಪ್‌ಷೈರಿನ ವಾಷಿಂಗ್ಟನ್ ಪರ್ವತದ ನೆತ್ತಿಗೆ ಒಯ್ದಿತು. ೧೯೩೪ರಲ್ಲಿ ಗಂಟೆಗೆ ೨೩೧ ಮೈಲಿನ ಗಾಳಿ ಬೀಸಿದ ಘೋರ ಶಿಖರವದು. ಅಲ್ಲಿ ಅವರು ಕಂಡ ಒಂದು ವಿಚಿತ್ರವೇ ಮುಂದಿನ ಕಥೆಗೆಲ್ಲ ಮೂಲ. ಮೋಡ ಸೊನ್ನೆ ಡಿಗ್ರಿಗಿಂತ ಎಷ್ಟೋ ಕೆಳಗೆ ತಣಿದಿದ್ದರೂ ಅದರ ಹನಿಗಳು ಹೆಪ್ಪುಗಟ್ಟದೆ ನೀರಾಗಿಯೇ ಉಳಿದಿದ್ದವು. ಬಂಡೆಗೋ ಕಂಬಕ್ಕೋ ತಗಲಿದೊಡನೆ ಗಡ್ಡೆಯಾಗುತ್ತಿದ್ದವು.

ಇಲ್ಲಿ ಮೋಡವೆಂದರೇನೆಂದು ತುಸು ತಿಳಿಯುವುದು ಅವಶ್ಯ. ಮೋಡ ನೀರಾವಿಯಲ್ಲ, ಅತಿ ಸೂಕ್ಷ್ಮವಾದ ನೀರಿನ ಹನಿಗಳ ಗುಂಪು. ಒಂದು ಹನಿಯ ಗಾತ್ರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು. ಇಷ್ಟು ಹಗುರವಾದುದು ಗಾಳಿಯಲ್ಲಿ ತೇಲುತ್ತದೆಯೇ ಹೊರತು ಬೀಳದು. ಇಂಥ ಹತ್ತು ಲಕ್ಷ ಹನಿಗಳು ಕೂಡಿದರೆ ಒಂದು ಮಳೆಹನಿ. ಆದುದರಿಂದ ಆಕಾಶ ತುಂಬ ಮೋಡವಿದ್ದೂ ಹನಿ ಬೀಳದಿರುವುದು ವಿಧಿಯ ಕ್ರೌರ್ಯವಲ್ಲ. ಆ ಹತ್ತು ಲಕ್ಷದ ಕೂಟ ನೆರೆಯಲಿಲ್ಲವೆಂದು ಅರ್ಥ. ಕೂಟ ನೆರೆಯುವುದಕ್ಕೆ ಎರಡು ದಾರಿಗಳಿವೆ. ಬೆಚ್ಚನೆಯ ಮೋಡಗಳಲ್ಲಿ ದೊಡ್ಡ ಹನಿಗಳು ಬೀಳುತ್ತಾ ಸಣ್ಣವನ್ನು ನುಂಗಿ ಬೆಳೆಯುತ್ತವೆ. ತಣ್ಣನೆಯ ಮೋಡಗಳಲ್ಲಿ, ಸ್ವೀಡನಿನ ಬೆರ್ಗೆರಾನ್ ೧೯೩೩ರಲ್ಲಿ ಪ್ರತಿಪಾದಿಸಿದಂತೆ, ಹನಿಗಳ ನಡುವೆ ಒಂದು ಹಿಮಕಣ ಹುಟ್ಟಿದರೆ ಅದು ಸುತ್ತಲಿನ ಹನಿಗಳ ಆವಿಯನ್ನೆಲ್ಲ ಸೆಳೆದು ಕೊಬ್ಬಿ ಕೆಳಗಿಳಿಯುತ್ತದೆ. ಕೆಳಗಿನ ಬಿಸಿಯಲ್ಲಿ ಕರಗಿ ಮಳೆಯಾಗುತ್ತದೆ. ಆ ಮೊದಲ ಹಿಮಕಣ ಹುಟ್ಟಬೇಕಾದರೆ ಸಾಮಾನ್ಯವಾಗಿ ಒಂದು ಧೂಳಿನ ಬೀಜ ಬೇಕು. ಬೀಜ ಸಿಗದಿದ್ದರೆ ಹನಿಗಳು ಸೊನ್ನೆಗಿಂತ ೪೦ ಡಿಗ್ರಿ ಕೆಳಗಿನವರೆಗೂ ನೀರಾಗಿಯೇ ಇರಬಲ್ಲವು.

ಬೆಟ್ಟದ ತುದಿಯ ಮೋಡವನ್ನು ಕೋಣೆಯೊಳಗೆ ತರುವುದು ಹೇಗೆ? ಶೇಫರರು ೧೯೪೬ರಲ್ಲಿ ಮನೆಬಳಕೆಯ ಒಂದು ಶೀತಪೆಟ್ಟಿಗೆಯನ್ನು ತಂದರು. ನಮ್ಮ ಹೋಟೆಲುಗಳಲ್ಲಿ ಐಸ್‌ಕ್ರೀಮು ಇಡುವ, ಮೇಲಕ್ಕೆ ಮುಚ್ಚಳ ತೆರೆಯುವ ಪೆಟ್ಟಿಗೆ ಎಲ್ಲರೂ ಕಂಡದ್ದೇ. ಮುಚ್ಚಳ ತೆಗೆದರೂ ತಣ್ಣನೆಯ ಗಾಳಿ ಭಾರವಾದ್ದರಿಂದ ತಳದಲ್ಲೇ ನಿಲ್ಲುತ್ತದೆ. ಒಳಗೆ ಕಪ್ಪು ಮಖಮಲ್ಲಿನ ಬಟ್ಟೆ ಹೊದಿಸಿ, ದೀಪದ ಕಿರಣ ಬಿಟ್ಟು, ಅದರೊಳಕ್ಕೆ ಬಾಯಿಂದ ಉಸಿರು ಊದಿದರು. ಉಸಿರು ಪುಟ್ಟ ಮೋಡವಾಗಿ ತೇಲಿತು. ಅದರಲ್ಲಿ ಬಗೆಬಗೆಯ ಪುಡಿಗಳನ್ನು ಉದುರಿಸಿ ನೋಡಿದರು. ದಿನಗಳು ಕಳೆದವು, ಹಿಮ ಹುಟ್ಟಲಿಲ್ಲ.

ಜುಲೈ ತಿಂಗಳ ಒಂದು ದಿನ ಸೆಖೆ ಬಹಳವಾಗಿ ಪೆಟ್ಟಿಗೆ ಸಾಕಷ್ಟು ತಣಿದಿರಲಿಲ್ಲ. ಅದನ್ನು ಬೇಗ ತಣಿಸುವುದಕ್ಕಾಗಿ ಮಾತ್ರ ಒಂದು ತುಂಡು ಡ್ರೈ ಐಸನ್ನು, ಎಂದರೆ ಗಟ್ಟಿಯಾದ ಇಂಗಾಲಾಮ್ಲವನ್ನು, ಒಳಗಿಟ್ಟರು. ಅದರ ಉಷ್ಣಮಾನ ಸೊನ್ನೆಗಿಂತ ೭೮ ಡಿಗ್ರಿ ಕೆಳಗೆ. ಇಟ್ಟ ಕ್ಷಣದಲ್ಲಿಯೇ ದೀಪದ ಕಿರಣದಲ್ಲಿ ಲಕ್ಷಾಂತರ ಹಿಮದ ಕಿಡಿಗಳು ಮಿನುಗಿದವು. ಬೀಜವನ್ನು ಹುಡುಕುತ್ತಿದ್ದವರಿಗೆ ಬೀಜವೇ ಬೇಡವೆಂದು ತಿಳಿಯಿತು. ೪೦ ಡಿಗ್ರಿಯ ಗೆರೆಗಿಂತ ಕೆಳಗೆ ತಣಿಸಬಲ್ಲ ಒಂದು ಕಣ ಸಾಕು, ಹನಿ ತಾನಾಗಿ ಹೆಪ್ಪುಗಟ್ಟುತ್ತದೆ. ಇದನ್ನು ಆಕಸ್ಮಿಕವೆಂದು ಕರೆಯುವ ರೂಢಿಯಿದೆ. ಆಕಸ್ಮಿಕವಾದದ್ದು ಅಂದಿನ ಸೆಖೆ ಮಾತ್ರ. ದೀಪದ ಕಿರಣವನ್ನು ಮೊದಲೇ ಅಣಿಮಾಡಿ ಇಟ್ಟುಕೊಂಡದ್ದು ಆಕಸ್ಮಿಕವಲ್ಲ.

ಆ ವರ್ಷದ ನವೆಂಬರ್ ೧೩ರಂದು ಶೇಫರರು ಬಾಡಿಗೆಯ ಪುಟ್ಟ ವಿಮಾನವೇರಿ ಮಸಾಚುಸೆಟ್ಸಿನ ಬೆಟ್ಟಗಳ ಮೇಲೆ ಸುಮಾರು ೧೪,೦೦೦ ಅಡಿ ಎತ್ತರದಲ್ಲಿ ತೇಲುತ್ತಿದ್ದ ಮೋಡವೊಂದನ್ನು ಹಿಡಿದರು. ಕೆಲವೇ ಪೌಂಡು ಡ್ರೈ ಐಸಿನ ಪುಡಿಯನ್ನು ಮೂರು ಮೈಲು ಉದ್ದಕ್ಕೆ ಸುರಿದರು. ಕೆಲವು ನಿಮಿಷಗಳಲ್ಲಿ ಮೋಡ ಹಿಮವಾಗಿ ಕದಡಿ ಕೆಳಕ್ಕೆ ಜೋಲುಬಿದ್ದಿತು. ಕೆಳಗೆ ಸ್ಕೆನೆಕ್ಟಡಿಯ ವಿಮಾನನಿಲ್ದಾಣದಿಂದ ಲ್ಯಾಂಗ್‌ಮ್ಯೂರರು ಅದನ್ನು ಬರಿಗಣ್ಣಿನಿಂದ ನೋಡುತ್ತಿದ್ದರು. ಆದರೆ ಆ ಹಿಮ ನೆಲ ಮುಟ್ಟಲಿಲ್ಲ. ಎರಡು ಮೂರು ಸಾವಿರ ಅಡಿ ಇಳಿಯುವಷ್ಟರಲ್ಲಿ ಒಣಗಾಳಿಯಲ್ಲಿ ಆವಿಯಾಗಿ ಹೋಯಿತು. ಈ ವಿವರವನ್ನು ವಾಚಕರು ಮರೆಯಬಾರದು. ಮೋಡ ಬದಲಾದದ್ದು ನಿಜ, ರೈತನ ಹೊಲ ನೆನೆಯದಿದ್ದದ್ದೂ ನಿಜ.

ಮರುದಿನವೇ ಅದೇ ಸಂಶೋಧನಾಲಯದ ಬರ್ನಾರ್ಡ್ ವಾನೆಗಟ್ ಎಂಬವರು ಬೆಳ್ಳಿಯ ಅಯೊಡೈಡಿನ ಹೊಗೆ ಇದೇ ಕೆಲಸವನ್ನು ಮಾಡುತ್ತದೆಂದು ಕಂಡುಹಿಡಿದರು. ಅದರ ಸ್ಫಟಿಕದ ರಚನೆ ಮಂಜುಗಡ್ಡೆಯ ರಚನೆಗೆ ಬಹು ಸಮೀಪ. ಮೋಸಹೋದ ಹನಿಗಳು ಅದನ್ನೇ ಹಿಮವೆಂದು ಬಗೆದು ಅದರ ಮೇಲೆ ಹೆಪ್ಪುಗಟ್ಟುತ್ತವೆ. ಇಂದಿಗೂ ವಿಮಾನಗಳ ರೆಕ್ಕೆಯಡಿ ಉರಿಯುವ ಬತ್ತಿಗಳಲ್ಲಿ ಇರುವುದು ಬಹುಪಾಲು ಅದೇ ವಸ್ತು.

ಇನ್ನು ಕಥೆ ಪ್ರಯೋಗಶಾಲೆಯ ಕೈಮೀರಿತು. ೧೯೪೭ರಲ್ಲಿ ಅಮೆರಿಕದ ಸೈನ್ಯ ಮತ್ತು ನೌಕಾದಳಗಳು ಕಂಪನಿಯೊಡನೆ ಕೂಡಿ ‘ಸಿರ್ರಸ್’ ಎಂಬ ಯೋಜನೆಯನ್ನು ಕೈಗೊಂಡವು. ಆ ಅಕ್ಟೋಬರ್ ೧೩ರಂದು ಫ್ಲಾರಿಡಾ ದಾಟಿ ಸಾಗರದತ್ತ ಹೊರಟಿದ್ದ ಒಂದು ಚಂಡಮಾರುತಕ್ಕೆ ಸುಮಾರು ೮೦ ಕಿಲೋಗ್ರಾಂ ಡ್ರೈ ಐಸ್ ಸುರಿಯಲಾಯಿತು. ಚಂಡಮಾರುತ ಹಿಂದಿರುಗಿ ಬಂದು ಜಾರ್ಜಿಯಾದ ಸವಾನಾ ಪಟ್ಟಣವನ್ನು ಬಡಿಯಿತು. ಜನ ರೊಚ್ಚಿಗೆದ್ದರು, ದಾವೆಯ ಮಾತು ಎದ್ದಿತು, ಕಂಪನಿಯ ವಕೀಲರು ಬೆವೆತರು. ಬಿತ್ತನೆಗೆ ಮುನ್ನವೇ ಅದು ತಿರುಗಲಾರಂಭಿಸಿತ್ತೆಂದು ಹಲವು ವರ್ಷಗಳ ಬಳಿಕ ದಾಖಲೆಗಳ ಪರಿಶೀಲನೆಯಿಂದ ತೋರಿಬಂದಿತು. ಆದರೆ ಲ್ಯಾಂಗ್‌ಮ್ಯೂರರೇ ಅದು ತಮ್ಮ ಬಿತ್ತನೆಯ ಫಲವೆಂದು ನಂಬಿದ್ದರು! ಅನಂತರ ನ್ಯೂ ಮೆಕ್ಸಿಕೋದಲ್ಲಿ ವಾರಕ್ಕೊಮ್ಮೆ ಬೆಳ್ಳಿಯ ಹೊಗೆಯಾಡಿಸಿ, ನೂರಾರು ಮೈಲು ದೂರದ ಓಹಿಯೋ ಕಣಿವೆಯಲ್ಲಿಯೂ ವಾರಕ್ಕೊಮ್ಮೆ ಮಳೆ ಬರುವಂತಾಯಿತೆಂದು ಅವರು ಸಾರಿದರು. ಹವಾಮಾನ ಇಲಾಖೆಯವರು ಒಪ್ಪಲಿಲ್ಲ. ಮಹಾಮೇಧಾವಿಯಾದವನಿಗೂ ತಾನು ಬಯಸಿದ್ದೇ ಕಾಣುವ ಗಳಿಗೆಗಳಿರುತ್ತವೆ. ಶೇಫರರಾದರೋ ಗುರುವಿನ ಬಗೆಗೆ ಗೌರವವನ್ನು ಬಿಡದೆ, ತಾವು ಕಣ್ಣಾರೆ ಕಂಡ ಮೋಡದ ವಿಷಯದಲ್ಲಿ ಹೆಚ್ಚು ಆಸಕ್ತರಾಗಿದ್ದರು.

೧೯೫೦ರಲ್ಲಿ ನ್ಯೂಯಾರ್ಕ್ ನಗರಕ್ಕೆ ಕುಡಿಯುವ ನೀರಿನ ಬರ ಬಂದಿತು. ನಗರದವರು ಕ್ಯಾಟ್‌ಸ್ಕಿಲ್ ಬೆಟ್ಟಗಳ ಮೇಲೆ ಮೋಡ ಬಿತ್ತಿಸಲು ಹೊರಟಾಗ ಅಲ್ಲಿನ ವಿಹಾರಧಾಮದ ಹೋಟೆಲಿನವರು ನ್ಯಾಯಾಲಯದ ಮೆಟ್ಟಿಲೇರಿದರು: ಮಳೆ ಬಂದರೆ ಗಿರಾಕಿಗಳು ಬರರು, ಆದ್ದರಿಂದ ತಡೆಯಾಜ್ಞೆ ಬೇಕು! ಮೋಡದ ಮೇಲೆ ಯಾರಿಗೂ ಸ್ವಾಮ್ಯವಿಲ್ಲ, ಲಕ್ಷಾಂತರ ಜನರ ನೀರು ಕೆಲವರ ವ್ಯಾಪಾರಕ್ಕಿಂತ ದೊಡ್ಡದೆಂದು ನ್ಯಾಯಾಧೀಶರು ಅರ್ಜಿಯನ್ನು ತಳ್ಳಿಹಾಕಿದರು. ನಮ್ಮ ಮುಂಬಯಿಯಲ್ಲಾದರೆ ಮೊದಲ ಮಳೆಗೆ ಚಹಾ ಮತ್ತು ಭಜಿಯ ವ್ಯಾಪಾರ ಇಮ್ಮಡಿಸುವುದರಿಂದ ಇಂಥ ವ್ಯಾಜ್ಯ ಹುಟ್ಟಲಾರದೆಂದು ತೋರುತ್ತದೆ. ಇದಕ್ಕಿಂತ ಕೆಟ್ಟ ಉಪಯೋಗವೂ ಆಯಿತು: ೧೯೬೭ರಿಂದ ೧೯೭೨ರವರೆಗೆ ವಿಯೆಟ್ನಾಂ ಯುದ್ಧದಲ್ಲಿ ಶತ್ರುವಿನ ಸಾಗಾಟದ ದಾರಿಗಳನ್ನು ಕೆಸರುಮಾಡಲು ಅಮೆರಿಕ ಗುಟ್ಟಾಗಿ ಮೋಡ ಬಿತ್ತಿಸಿತು. ಹವೆಯನ್ನು ಯುದ್ಧಾಸ್ತ್ರವಾಗಿ ಬಳಸಬಾರದೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ೧೯೭೭ರಲ್ಲಿ ಸಹಿ ಬಿದ್ದಿತು.

ಈ ಗದ್ದಲದ ನಡುವೆ ಮೂಲ ಪ್ರಶ್ನೆ ಹಾಗೆಯೇ ಉಳಿಯಿತು. ಬಿತ್ತಿದ ಮೋಡ ಮಳೆಗರೆದರೆ, ಬಿತ್ತದಿದ್ದರೂ ಅದು ಮಳೆಗರೆಯುತ್ತಿರಲಿಲ್ಲವೆಂದು ಹೇಳುವುದು ಹೇಗೆ? ಹೋಟೆಲಿನ ಮಾಲಿಕನು ಹೊಸ ಬೋರ್ಡು ತೂಗುಹಾಕಿದ ದಿನವೇ ಗಣೇಶ ಚೌತಿಯ ಜನಸಂದಣಿಯೂ ಬಂದರೆ ಗಲ್ಲಾಪೆಟ್ಟಿಗೆ ತುಂಬಿದ್ದು ಬೋರ್ಡಿನಿಂದಲೋ ಚೌತಿಯಿಂದಲೋ? ಒಂದು ದಿನದ ಲೆಕ್ಕದಿಂದ ಇದು ಇತ್ಯರ್ಥವಾಗದು. ಚೀಟಿಯೆತ್ತಿ ಕೆಲವು ದಿನ ಬಿತ್ತಬೇಕು, ಅಂಥವೇ ಕೆಲವು ದಿನ ಬಿತ್ತದೆ ಬಿಡಬೇಕು. ವರ್ಷಗಟ್ಟಲೆ ಎರಡನ್ನೂ ಹೋಲಿಸಬೇಕು. ಬರಗಾಲದಲ್ಲಿ ಕಾಯುತ್ತಿರುವ ಜನರಿಗೆ “ಈ ದಿನ ಚೀಟಿಯಲ್ಲಿ ಬರಲಿಲ್ಲ, ಬಿತ್ತುವುದಿಲ್ಲ” ಎಂದು ಹೇಳುವ ಧೈರ್ಯ ಯಾವ ಸರಕಾರಕ್ಕುಂಟು?

ಆ ಬಗೆಯ ತಾಳ್ಮೆಯ ಪ್ರಯೋಗವನ್ನು ನಮ್ಮ ದೇಶದಲ್ಲಿ ನಡೆಸಿದವರು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು. ಅದಕ್ಕೂ ಮುನ್ನ ೧೯೫೫ರಲ್ಲಿಯೇ ದಿಲ್ಲಿಯ ರಾಷ್ಟ್ರೀಯ ಭೌತ ಪ್ರಯೋಗಶಾಲೆಯಲ್ಲಿ ಮಳೆ ಮತ್ತು ಮೋಡಗಳ ಅಧ್ಯಯನಕ್ಕೆ ಒಂದು ಘಟಕ ಸ್ಥಾಪಿತವಾಗಿತ್ತು. ನಮ್ಮ ಮುಂಗಾರಿನ ಮೋಡಗಳು ಬಹುಪಾಲು ಬೆಚ್ಚಗಿರುವುದರಿಂದ ಅವುಗಳಿಗೆ ಶೇಫರರ ಹಿಮಬೀಜ ಹೊಂದದು. ಅಲ್ಲಿ ಬೇಕಾದುದು ನೀರನ್ನು ಹೀರಿ ದೊಡ್ಡ ಹನಿಯಾಗುವ ಉಪ್ಪಿನ ಪುಡಿ. ಪುಣೆಯವರು ಬಾರಾಮತಿಯ ಸೀಮೆಯಲ್ಲಿ ೧೯೭೩ರಿಂದ ೧೯೮೬ರೊಳಗೆ ಹನ್ನೊಂದು ಮುಂಗಾರುಗಳಲ್ಲಿ ವಿಮಾನದಿಂದ ಉಪ್ಪು ಚೆಲ್ಲಿದರು. ಎರಡು ಪ್ರದೇಶಗಳನ್ನು ಗೊತ್ತುಮಾಡಿ, ಯಾವುದರಲ್ಲಿ ಬಿತ್ತುವುದೆಂಬುದನ್ನು ಆಕಸ್ಮಿಕಕ್ಕೆ ಬಿಟ್ಟರು. ನೂರಕ್ಕೆ ೨೪ರಷ್ಟು ಮಳೆ ಹೆಚ್ಚಿತೆಂದು ಅವರ ಲೆಕ್ಕ ತೋರಿತು. ಅದೇ ಸಂಸ್ಥೆ ೨೦೧೮ ಮತ್ತು ೨೦೧೯ರಲ್ಲಿ ಸೊಲ್ಲಾಪುರದ ಸುತ್ತ ನಡೆಸಿದ ಹೊಸ ಪ್ರಯೋಗದಲ್ಲಿ, ಬಿತ್ತನೆಯಾದ ಮೋಡಗಳ ಗಾಳಿಪಾಳಿಯ ಸುಮಾರು ನೂರು ಚದರ ಕಿಲೋಮೀಟರಿನಲ್ಲಿ ನೂರಕ್ಕೆ ೧೮ರಷ್ಟು ಹೆಚ್ಚಳ ಕಂಡುಬಂದಿತು. ಸಹ್ಯಾದ್ರಿಯ ಮಳೆನೆರಳಿನಲ್ಲಿ ಒಣಗುವ ಆ ನೆಲವೂ ನೆರೆಯ ವಿಜಯಪುರವೂ ಒಂದೇ ಆಕಾಶದ ಕೆಳಗಿನವು. ಆದುದರಿಂದ ಈ ಅಂಕಿ ನಮ್ಮವರಿಗೆ ಪರಕೀಯವಲ್ಲ.

ಕರ್ನಾಟಕ ಸರಕಾರವೂ ೨೦೦೩ರಲ್ಲಿ ‘ವರುಣ’ ಎಂಬ ಹೆಸರಿನಲ್ಲಿ, ೨೦೧೭ರಲ್ಲಿ ‘ವರ್ಷಧಾರೆ’ ಎಂಬ ಹೆಸರಿನಲ್ಲಿ ವಿಮಾನ ಹಾರಿಸಿತು. ಅವು ಬರಪರಿಹಾರದ ಕಾರ್ಯಗಳು. ಬಂದ ಮಳೆಯಲ್ಲಿ ಮುಂಗಾರಿನ ಪಾಲೆಷ್ಟು, ವಿಮಾನದ ಪಾಲೆಷ್ಟೆಂದು ಬಿಡಿಸುವ ಕೆಲಸಕ್ಕೆ ಬಾರಾಮತಿಯ ಹನ್ನೊಂದು ಮುಂಗಾರುಗಳೇ ಬೇಕಾದವೆಂಬುದನ್ನು ನೆನೆದರೆ, ಒಂದು ಋತುವಿನ ಹಾರಾಟದ ಬಗೆಗೆ ಜಯಘೋಷವೂ ಬೇಡ, ನಿಂದೆಯೂ ಬೇಡ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿ ೨೦೦೩ರ ವರದಿಯಲ್ಲಿ ಬಿತ್ತನೆಯ ಫಲಕ್ಕೆ ಮನವೊಪ್ಪುವ ವೈಜ್ಞಾನಿಕ ಪ್ರಮಾಣವಿಲ್ಲವೆಂದೇ ಬರೆಯಿತು. ಬಳಿಕ ೨೦೧೭ರಲ್ಲಿ ಐಡಾಹೋ ಪರ್ವತಗಳ ಮೇಲೆ ವಿಮಾನ ಬಿತ್ತಿದ ಗೆರೆಯಲ್ಲಿಯೇ ಹಿಮ ಹುಟ್ಟಿ ನೆಲ ಮುಟ್ಟುವುದನ್ನು ರಾಡಾರ್ ಸ್ಪಷ್ಟವಾಗಿ ಕಂಡಿತು; ಶೇಫರರ ಹಾರಾಟಕ್ಕೆ ಆಗ ಎಪ್ಪತ್ತು ವರ್ಷ ಕಳೆದಿತ್ತು. ಇಷ್ಟು ಮಾತ್ರ ನಿಸ್ಸಂಶಯ: ಇರುವ ಮೋಡವನ್ನು ತುಸು ಹೆಚ್ಚು ಹಿಂಡಬಹುದು, ಇಲ್ಲದ ಮೋಡವನ್ನು ಕರೆತರಲಾಗದು. ಬರದ ವರ್ಷದಲ್ಲಿ ಕೊರತೆಯಾಗುವುದು ಮೊದಲು ಮೋಡಕ್ಕೇ.

ಇತ್ತ ಶೇಫರರು ೧೯೫೪ರಲ್ಲಿ ಕಂಪನಿಯನ್ನು ಬಿಟ್ಟು ಮುನಿಟಾಲ್ಪ್ ಎಂಬ ಪ್ರತಿಷ್ಠಾನದ ಸಂಶೋಧನಾಧಿಕಾರಿಯಾದರು. (ಪ್ಲಾಟಿನಂ ಎಂಬುದರ ಇಂಗ್ಲಿಷು ಅಕ್ಷರಗಳನ್ನು ಹಿಂದುಮುಂದಾಗಿ ಓದಿದರೆ ಈ ಹೆಸರು ಬರುತ್ತದೆ.) ಮಳೆ ತರಿಸುವ ಗೊಡವೆಗಿಂತ, ಮೋಂಟಾನಾದ ಕಾಡುಗಳಲ್ಲಿ ಸಿಡಿಲಿನಿಂದ ಹತ್ತುವ ಬೆಂಕಿಯನ್ನು ತಗ್ಗಿಸಬಹುದೇ ಎಂಬ ವಿಚಾರದಲ್ಲಿ ಅರಣ್ಯ ಇಲಾಖೆಯೊಡನೆ ದುಡಿದರು. ೧೯೬೦ರಲ್ಲಿ ಆಲ್ಬನಿಯ ವಿಶ್ವವಿದ್ಯಾಲಯದಲ್ಲಿ ವಾಯುಮಂಡಲ ವಿಜ್ಞಾನದ ಕೇಂದ್ರವನ್ನು ಕಟ್ಟುವುದಕ್ಕೆ ನೆರವಾಗಿ, ೧೯೬೬ರಿಂದ ಹತ್ತು ವರ್ಷ ಅದರ ನಿರ್ದೇಶಕರಾಗಿದ್ದರು. ಚಳಿಗಾಲದಲ್ಲಿ ವಿಜ್ಞಾನಿಗಳನ್ನು ಕಟ್ಟಿಕೊಂಡು ಯೆಲ್ಲೋಸ್ಟೋನಿನ ಬಿಸಿನೀರ ಬುಗ್ಗೆಗಳ ಬಳಿಗೆ ಹೋಗುತ್ತಿದ್ದರು. ಕಡುಚಳಿಯಲ್ಲಿ ಆ ಬುಗ್ಗೆಗಳ ಆವಿ ಹೆಪ್ಪುಗಟ್ಟದ ಮಂಜಾಗಿ ನಿಲ್ಲುವುದರಿಂದ, ಶೀತಪೆಟ್ಟಿಗೆಯೊಳಗಿನದನ್ನು ಅಲ್ಲಿ ಬಯಲಿನಲ್ಲಿಯೇ ನೋಡಬಹುದಾಗಿತ್ತು.

ಅವರ ಉತ್ತರವಯಸ್ಸಿನ ಚಿಂತೆ ಬೇರೆಯದಾಗಿತ್ತು. ಆ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆತಿರುತ್ತಿತ್ತು. ಮೋಟಾರುಗಳ ಹೊಗೆಯಿಂದ ಹೊರಟ ಸೀಸದ ಕಣಗಳು ಅಯೊಡಿನ್ ಆವಿಯೊಡನೆ ಕೂಡಿದರೆ ಹಿಮದ ಬೀಜಗಳಾಗುತ್ತವೆಂದು ೧೯೬೬ರಲ್ಲಿ ಅವರು ತೋರಿಸಿದರು. ಯಾವ ವಿಮಾನವೂ ಇಲ್ಲದೆ, ಯಾವ ಸರಕಾರದ ಅಪ್ಪಣೆಯೂ ಇಲ್ಲದೆ, ಮಹಾನಗರಗಳು ತಮಗರಿಯದಂತೆ ಆಕಾಶದಲ್ಲಿ ಬಿತ್ತನೆ ನಡೆಸುತ್ತಿವೆಯೆಂಬುದು ಅದರ ಅರ್ಥ. ಉದ್ದೇಶಪೂರ್ವಕವಾದ ಬಿತ್ತನೆಯ ಜನಕನೇ ಈ ಉದ್ದೇಶವಿಲ್ಲದ ಬಿತ್ತನೆಯ ಬಗೆಗೆ ಬರೆಯುತ್ತ, ಹೇಳುತ್ತ ಹೋದರು.

ನೋಟರ್‌ಡಾಂ ವಿಶ್ವವಿದ್ಯಾಲಯ ೧೯೪೮ರಲ್ಲಿ ಗೌರವ ಡಾಕ್ಟರೇಟನ್ನು ಕೊಟ್ಟಿತು. ಆದರೆ ಶೇಫರರಿಗೆ ಪ್ರಿಯವಾದ ಕೂಟ ಹೈಸ್ಕೂಲಿನ ಹುಡುಗರದು. ಬೇಸಗೆಯಲ್ಲಿ ಅವರನ್ನು ಸೇರಿಸಿ, ಪುಸ್ತಕ ಕೊಡುವ ಮುನ್ನ ಬೆಟ್ಟಕ್ಕೆ ಕರೆದೊಯ್ದು ಆಕಾಶವನ್ನು ನೋಡಲು ಕಲಿಸುತ್ತಿದ್ದರು. ೧೯೮೧ರಲ್ಲಿ ಸಾಮಾನ್ಯರಿಗಾಗಿ ವಾಯುಮಂಡಲದ ಕೈಪಿಡಿಯೊಂದನ್ನು ಜಾನ್ ಡೇ ಎಂಬವರೊಡನೆ ಪ್ರಕಟಿಸಿದರು. ಕಮ್ಮಟದಲ್ಲಿ ದುಡಿಯುತ್ತಿದ್ದಾಗ, ೧೯೩೧ರಲ್ಲಿ, ನ್ಯೂಯಾರ್ಕ್ ನಗರದಿಂದ ಉತ್ತರದ ಪರ್ವತಗಳವರೆಗೆ ಕಾಲ್ನಡಿಗೆಯ ದಾರಿಯೊಂದನ್ನು ಅವರು ಕಲ್ಪಿಸಿದ್ದರು. ಅದಕ್ಕೆ ಗುರುತುಗಲ್ಲುಗಳೇ ಬೇಡ, ನಡೆಯುವವನೇ ನೋಡಿ ದಾರಿ ಹುಡುಕಿಕೊಳ್ಳಲಿ ಎಂಬುದು ಅವರ ಇಚ್ಛೆಯಾಗಿತ್ತು. ಈಗ ಆ ದಾರಿಗೆ ಗುರುತುಗಳಿವೆ, ೩೦೦ ಮೈಲಿಗೂ ಮಿಗಿಲಾಗಿ ಅದು ಬೆಳೆದಿದೆ. ಶೇಫರರು ೧೯೯೩ರ ಜುಲೈ ೨೫ರಂದು, ತಮ್ಮ ೮೭ನೆಯ ವಯಸ್ಸಿನಲ್ಲಿ, ಹುಟ್ಟಿದ ಊರಾದ ಸ್ಕೆನೆಕ್ಟಡಿಯಲ್ಲಿಯೇ ತೀರಿಕೊಂಡರು.